ಇತಿಹಾಸದಿಂದ ರಾಜಕಾರಣದ ವಿವರಣೆ: ಕೊಳ್ಳೇಗಾಲ ಸೀಮೆಯ ನಿದರ್ಶನದಲ್ಲಿ ಒಂದು ಕಾರಣವಿಚಾರ

‘ಇತಿ’, ‘ಹ’, ‘ಆಸ’ ಎಂಬ ಮೂರು ಪದಗಳು ಕೂಡಿ ‘ಇತಿಹಾಸ’ವಾಯಿತೆಂದು ಶಾಬ್ದಿಕರು ಬಿಡಿಸಿ ಹೇಳುತ್ತಾರೆ. ಹೀಗೆ ನಡೆದಿತ್ತಷ್ಟೆ ಎಂಬುದು ಅದರ ಅರ್ಥ. ಹೀಗೆ ನಡೆದಿತ್ತೆಂದು ತಿಳಿಸುವುದು ಒಂದು ಕಾರ್ಯ. ಅದು ಹಾಗೆ ನಡೆದುದರಿಂದಲೇ ಇಂದು ಇದು ಹೀಗಿದೆಯೆಂದು ಸಾಧಿಸುವುದು ಬೇರೊಂದು ಕಾರ್ಯ. ಯೂರೋಪು ಅಮೆರಿಕಗಳ ಹೊರಗಿನ ಸಮಾಜಗಳ ರಾಜಕಾರಣವನ್ನು ಅವುಗಳ ಪೂರ್ವೇತಿಹಾಸದಿಂದ ವಿವರಿಸಹೊರಟ ವಿದ್ವಾಂಸರಲ್ಲಿ ಹಲವರು ಮೊದಲನೆಯ ಕಾರ್ಯವನ್ನು ಮಾಡಿ, ಎರಡನೆಯದೂ ಅದರಿಂದಲೇ ಮುಗಿಯಿತೆಂದು ಭಾವಿಸಿದ್ದಾರೆ. ಇಂತಹ ವಿವರಣೆಗಳು ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿಯುವುದಿಲ್ಲ. ಪಠ್ಯಪುಸ್ತಕಗಳಿಗೂ ವರದಿಗಳಿಗೂ ವೃತ್ತಪತ್ರಿಕೆಗಳಿಗೂ ಇಳಿದು, ಕಡೆಗೆ ‘ಇದು ಹಿಂದುಳಿದ ಸೀಮೆ, ಇಲ್ಲಿಯ ಜನರ ಸ್ವಭಾವವೇ ಹೀಗೆ’ ಎಂಬ ಮಾತಾಗಿ ಶಾಲೆಯ ಮಕ್ಕಳ ಕಿವಿಗೆ ಬೀಳುತ್ತವೆ. ಆದಕಾರಣ ಈ ವಿಚಾರವು ಪಂಡಿತರಿಗಷ್ಟೇ ಸೇರಿದುದಲ್ಲ. ಪಾಠ ಹೇಳುವವರೆಲ್ಲರಿಗೂ ಸೇರಿದುದು.

ಕಾರಣವೆಂದರೇನೆಂಬುದನ್ನು ಭಾರತೀಯ ತರ್ಕಶಾಸ್ತ್ರವು ಬಹು ಹಿಂದೆಯೇ ನಿಷ್ಕರ್ಷಿಸಿದೆ. ಕಾರ್ಯಕ್ಕೆ ತಪ್ಪದೆ ಮೊದಲೇ ಇರತಕ್ಕದ್ದು, ಮತ್ತು ‘ಅನ್ಯಥಾಸಿದ್ಧ’ವಲ್ಲದ್ದು, ಅಂದರೆ ಅದಿಲ್ಲದೆಯೂ ಕಾರ್ಯವು ನಡೆಯಬಹುದಾಗಿದ್ದಂತಹ ಪದಾರ್ಥವಲ್ಲದ್ದು, ಕಾರಣವೆನಿಸುತ್ತದೆ. ಗಡಿಗೆಗೆ ಮಣ್ಣು, ಚಕ್ರ, ದಂಡ, ಕುಂಬಾರ ಇವು ಕಾರಣಗಳು. ಮಣ್ಣನ್ನು ಹೊತ್ತು ತಂದ ಕತ್ತೆಯು ಗಡಿಗೆಗಿಂತ ಮೊದಲೇ ಇದ್ದುದು ನಿಜ; ಆದರೂ ಅದು ಕಾರಣವಲ್ಲ. ಕುಂಬಾರನ ತಂದೆಯೂ ಮೊದಲೇ ಇದ್ದವನು. ಅವನೂ ಗಡಿಗೆಗೆ ಕಾರಣನಲ್ಲ. ಒಂದಿದ್ದಲ್ಲಿ ಮತ್ತೊಂದಿರುವುದು ಅನ್ವಯ. ಒಂದಿಲ್ಲದಲ್ಲಿ ಮತ್ತೊಂದೂ ಇಲ್ಲದಿರುವುದು ವ್ಯತಿರೇಕ. ಇವೆರಡರಿಂದಲೂ ಪರೀಕ್ಷಿಸಿದ ಮೇಲೆಯೇ ಕಾರಣವು ಸಿದ್ಧಿಸುತ್ತದೆ. ಈ ಒರೆಗಲ್ಲಿಗೆ ತಿಕ್ಕಿ ನೋಡಲು ಕೊಳ್ಳೇಗಾಲ, ಹನೂರು, ಯಳಂದೂರುಗಳಷ್ಟು ಅನುಕೂಲವಾದ ಪ್ರದೇಶ ದೊರೆಯುವುದು ವಿರಳ.

ಪೌರಸ್ತ್ಯ ನಿರಂಕುಶತ್ವದ ವಾದ

ಜೇಮ್ಸ್ ಮಿಲ್ 1817ರಲ್ಲಿ ಪ್ರಕಟಿಸಿದ ಬ್ರಿಟಿಷ್ ಇಂಡಿಯಾದ ಇತಿಹಾಸವು ಮುಂದಿನ ಅನೇಕ ಗ್ರಂಥಗಳಿಗೆ ಮೇಲ್ಪಂಕ್ತಿಯಾಯಿತು. ಭಾರತದ ಸಮಾಜವು ಅರಸನ ಇಚ್ಛೆಗೂ ಪುರೋಹಿತನ ಆಜ್ಞೆಗೂ ತಲೆಬಾಗಿ ನಿಂತಲ್ಲೇ ನಿಂತಿತೆಂಬುದು ಆ ಗ್ರಂಥದ ತಾತ್ಪರ್ಯ. ಅದನ್ನು ಬರೆದವರು ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಕಾರ್ಲ್ ಮಾರ್ಕ್ಸ್ 1853ರ ತಮ್ಮ ಲೇಖನಗಳಲ್ಲಿ, ತಮ್ಮಷ್ಟಕ್ಕೆ ತಾವು ಬದುಕುತ್ತಿದ್ದ ಗ್ರಾಮಸಮುದಾಯಗಳೇ ಪೌರಸ್ತ್ಯ ನಿರಂಕುಶತ್ವಕ್ಕೆ ತಳಹದಿಯೆಂದರು. ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ, ದೊಡ್ಡ ನೀರಾವರಿಯನ್ನು ನಡೆಸಲು ದೊಡ್ಡ ಅಧಿಕಾರವರ್ಗ ಬೇಕಾಗಿ, ಅದರಿಂದ ನಿರಂಕುಶ ಪ್ರಭುತ್ವ ಹುಟ್ಟಿತೆಂದು ವಾದಿಸಿದರು. ಆದರೆ ಸುವರ್ಣಾವತಿಯ ಅಣೆಕಟ್ಟೆಗಳನ್ನೂ ಈ ಸೀಮೆಯ ಕೆರೆಗಳನ್ನೂ ಗಮನಿಸಿದರೆ ಈ ವಾದ ನಿಲ್ಲುವುದಿಲ್ಲ. ಕೆರೆಯ ಹೂಳೆತ್ತುವುದು, ತೂಬು ತೆಗೆಯುವುದು, ಸರದಿಯಂತೆ ನೀರು ಹಾಯಿಸುವುದು ಇವೆಲ್ಲ ಬಹುಮಟ್ಟಿಗೆ ಊರಿನ ನೀರುಗಂಟಿಯಿಂದಲೂ ಊರಿನವರಿಂದಲೂ ನಡೆಯುತ್ತಿದ್ದ ಕೆಲಸಗಳು. ಇಲ್ಲಿ ನೀರಾವರಿಯಿದೆ, ಅದು ಬೇಡುವುದೆಂದು ವಿಟ್‌ಫೋಗೆಲ್ ಹೇಳಿದ ಅಧಿಕಾರವರ್ಗವಿಲ್ಲ. ಅನ್ವಯವೇ ಕೂಡಿಬರದಿರುವಾಗ ಕಾರಣವು ಸಿದ್ಧಿಸುವುದೆಂತು?

ಇದೇ ಮನೋಧರ್ಮದ ಸಮೀಪದ ಉದಾಹರಣೆ ಚಿಕ್ಕದೇವರಾಜ ಒಡೆಯರ ಕಾಲದ (1673–1704) ರೈತರ ದಂಗೆಯ ಕಥೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ಚರಿತ್ರೆಯಲ್ಲಿ ಇದನ್ನು ವಿಸ್ತರಿಸಿದ್ದಾರೆ. ಹೊಸ ಕಂದಾಯದ ಭಾರವನ್ನು ತಾಳಲಾರದೆ ರೈತರು ನೇಗಿಲನ್ನು ತಲೆಕೆಳಗಾಗಿ ಊರಬಾಗಿಲ ಮರಕ್ಕೆ ತೂಗುಹಾಕಿ ಉಳುಮೆ ನಿಲ್ಲಿಸಿದರೆಂದೂ, ಜಂಗಮರು ಅವರಿಗೆ ಮುಂದಾಳುಗಳಾದರೆಂದೂ, ಅರಸನು ನಾಲ್ಕು ನೂರು ಜಂಗಮರನ್ನು ನಂಜನಗೂಡಿಗೆ ಬರಮಾಡಿಕೊಂಡು ಕೊಲ್ಲಿಸಿದನೆಂದೂ, ಅನೇಕ ಮಠಗಳನ್ನು ಕೆಡವಿಸಿದನೆಂದೂ ಅಲ್ಲಿದೆ. ಆಗ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತನು ಯಳಂದೂರಿನ ಜೈನನು. ಅವನು 1686ರಲ್ಲಿ ಹತನಾದನು.

ಈ ಒಂದು ಕಥೆಯನ್ನು ವಿದ್ವಾಂಸರು ಮೂರು ಬಗೆಯಾಗಿ ಬಳಸಿರುವುದುಂಟು. ಪೌರಸ್ತ್ಯ ಅರಸನ ಕ್ರೌರ್ಯಕ್ಕೆ ಇದು ಸಾಕ್ಷಿಯೆಂದು ಒಂದು ಪಕ್ಷ. ಜೈನ ವೀರಶೈವ ಮತಗಳ ಕಲಹವೆಂದು ಮತ್ತೊಂದು ಪಕ್ಷ. ಸುಂಕ ಕಂದಾಯಗಳ ವಿರುದ್ಧ ಎದ್ದ ರೈತವರ್ಗದ ಹೋರಾಟವೆಂದು ಮೂರನೆಯ ಪಕ್ಷ. ಘಟನೆ ನಡೆದು ನೂರು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ, ಅರಸು ಮನೆತನವನ್ನು ಪುನಃ ಪಟ್ಟಕ್ಕೆ ತಂದ ಕಂಪನಿಯ ಅಧಿಕಾರಿಯೊಬ್ಬರು ಬರೆದ ವೃತ್ತಾಂತವಿದು. ಅದರ ಸಂಖ್ಯೆಗಳನ್ನೂ ವಿವರಗಳನ್ನೂ ಹಾಗೆಯೇ ಪ್ರಮಾಣವೆಂದು ಹಿಡಿಯುವುದು ಸಲ್ಲದು. ಆದರೂ ಅದರೊಳಗೆ ವಿಚಾರಾರ್ಹವಾದ ಒಂದು ಅಂಶವಿದೆ. ಮತಭೇದವು ಆ ಅರಸನ ಕಾಲಕ್ಕೆ ಮೊದಲೂ ಇತ್ತು, ಅನಂತರವೂ ಇತ್ತು. ಸದಾ ಇರುವುದು ಒಂದು ದಶಕದಲ್ಲಿ ಮಾತ್ರ ಎದ್ದ ದಂಗೆಗೆ ಏಕೈಕ ಕಾರಣವಾಗಲಾರದು. ಆ ಕಾಲದಲ್ಲಿ ಹೊಸದಾಗಿ ಬಂದುದು ಅರಮನೆಯ ಕಂದಾಯಾಡಳಿತದ ಬಿಗಿ. ಊರೂರಿನ ಮಠವು ರೈತರು ಕೂಡುವ ಠಾವಾಗಿದ್ದುದರಿಂದ ಅಸಮಾಧಾನಕ್ಕೆ ಅಲ್ಲಿ ಬಾಯಿ ದೊರೆತಿರಬೇಕು. ಹೀಗೆ ಕಂದಾಯವನ್ನು ಮಣ್ಣಿನಂತೆಯೂ ಮಠವನ್ನು ಚಕ್ರದಂತೆಯೂ ಎಣಿಸಿದರೆ ಕಥೆಗೆ ಅರ್ಥ ಬರುತ್ತದೆ; ‘ಪೌರಸ್ತ್ಯ ಸ್ವಭಾವ’ವೆಂಬುದು ಇಲ್ಲಿ ಕತ್ತೆಯ ಸ್ಥಾನದಲ್ಲಿ ಮಾತ್ರ ನಿಲ್ಲಬಲ್ಲದು.

ಒಂದೇ ನಾಡು, ಎರಡು ಆಳ್ವಿಕೆ

ಟಿಪ್ಪು ಸುಲ್ತಾನನು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಅವನ ರಾಜ್ಯವು ಹಂಚಿಹೋಯಿತು. ಕೊಯಮತ್ತೂರು ಪ್ರಾಂತದೊಡನೆ ಕೊಳ್ಳೇಗಾಲವು ಕಂಪನಿಯ ಪಾಲಿಗೆ ಬಂದಿತು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲದೊಳಗೇ ಇದ್ದಿತು. ಹದಿನಾಡಿನ ಪ್ರಭುಗಳ ರಾಜಧಾನಿಯಾಗಿದ್ದ, ಗೌರೀಶ್ವರ ದೇವಾಲಯದ ಬಳೇಮಂಟಪದಿಂದ ಪ್ರಸಿದ್ಧವಾದ ಯಳಂದೂರು ಮೈಸೂರು ಸಂಸ್ಥಾನದಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ದೊರೆಯಿತು. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಕೆಲವೇ ಮೈಲಿಗಳ ಅಂತರದಲ್ಲಿರುವ ಈ ಎರಡು ಪಟ್ಟಣಗಳು, ಒಂದೇ ಕನ್ನಡ, ಒಂದೇ ರಾಗಿ ಮುದ್ದೆ, ಒಂದೇ ಸಂತೆ ಜಾತ್ರೆಗಳ ಬಾಳನ್ನು ಹಂಚಿಕೊಂಡಿದ್ದರೂ, 157 ವರ್ಷಗಳ ಕಾಲ ಬೇರೆ ಬೇರೆ ಸರ್ಕಾರಗಳಿಗೆ ಅಧೀನವಾಗಿದ್ದುವು.

ಕೊಳ್ಳೇಗಾಲದ ರೈತನು ಮದರಾಸಿನ ರೈತವಾರಿ ಪದ್ಧತಿಯಂತೆ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುತ್ತಿದ್ದನು. ಯಳಂದೂರಿನ ಕಂದಾಯವು ಜಾಗೀರುದಾರರಿಗೆ ಸಲ್ಲುತ್ತಿತ್ತು. ಕೊಳ್ಳೇಗಾಲದವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಘಟ್ಟವಿಳಿದು ಕೊಯಮತ್ತೂರಿಗೆ ಹೋಗಬೇಕಾಗಿತ್ತು. ಯಳಂದೂರಿನವರಿಗೆ ಮೈಸೂರೇ ಎಲ್ಲಕ್ಕೂ ಕೇಂದ್ರ.

ರಾಜಕಾರಣದ ದಾರಿಗಳೂ ಹೀಗೆಯೇ ಕವಲೊಡೆದುವು. ಬ್ರಾಹ್ಮಣೇತರರಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಪಾಲು ದೊರೆಯಬೇಕೆಂಬ ಬೇಡಿಕೆ ಎರಡು ಕಡೆಗಳಲ್ಲಿಯೂ ಎದ್ದಿತು. ಮದರಾಸಿನಲ್ಲಿ ಆ ಬೇಡಿಕೆ ಪಕ್ಷದ ರೂಪ ತಾಳಿ, ಚುನಾವಣೆಯ ಮೂಲಕ 1920ರಲ್ಲಿ ಜಸ್ಟಿಸ್ ಪಕ್ಷದ ಮಂತ್ರಿಮಂಡಲವಾಯಿತು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿದ್ದರೂ ಅದಕ್ಕೆ ಮಂತ್ರಿಗಳನ್ನು ನೇಮಿಸುವ ಅಧಿಕಾರವಿರಲಿಲ್ಲ. ಅಲ್ಲಿ ಅದೇ ಬೇಡಿಕೆ 1917ರ ಪ್ರಜಾಮಿತ್ರ ಮಂಡಲಿಯ ಅರಿಕೆಯಾಗಿ ಅರಮನೆಗೆ ಮುಟ್ಟಿ, 1918ರಲ್ಲಿ ಮಿಲ್ಲರ್ ಸಮಿತಿಯ ನೇಮಕಕ್ಕೆ ದಾರಿಯಾಯಿತು. ಸಾಮಾಜಿಕ ಕಾರಣ ಒಂದೇ; ಅಧಿಕಾರದ ಬಾಗಿಲು ಬೇರೆ ಬೇರೆ. ಬೇಡಿಕೆ ಹುಟ್ಟಿದುದೇಕೆಂಬುದನ್ನು ಅನ್ವಯವೂ, ಅದು ಎರಡು ರೂಪ ತಾಳಿದುದೇಕೆಂಬುದನ್ನು ವ್ಯತಿರೇಕವೂ ತಿಳಿಸಿಕೊಡುತ್ತವೆ.

ಜೇಮ್ಸ್ ಮ್ಯಾನರ್ 1977ರಲ್ಲಿಯೂ, ಸ್ವೀಡನ್ನಿನ ಬ್ಯೋರ್ನ್ ಹೆಟ್ನೆ 1978ರಲ್ಲಿಯೂ ಮೈಸೂರು ಸಂಸ್ಥಾನದ ಮೇಲೆ ಪ್ರಕಟಿಸಿದ ಗ್ರಂಥಗಳು ಈ ದೃಷ್ಟಿಯಿಂದ ಬೆಲೆಯುಳ್ಳವು. ಸಂಸ್ಥಾನದ ರಾಜಕಾರಣವು ದೀರ್ಘಕಾಲ ನಗರದಲ್ಲಿಯೇ ನಿಂತು, ಹಳ್ಳಿಯ ಯಜಮಾನಿಕೆ ಅದರಿಂದ ಬೇರೆಯಾಗಿಯೇ ನಡೆಯುತ್ತಿತ್ತೆಂಬುದನ್ನೂ, ಕಾಂಗ್ರೆಸ್ಸು ಇವೆರಡನ್ನೂ ಬೆಸೆದುದನ್ನೂ ಮ್ಯಾನರ್ ತೋರಿಸಿದ್ದಾರೆ. ‘ಭಾರತೀಯ ಸ್ವಭಾವ’ದಿಂದ ಆರಂಭಿಸದೆ ಸಭೆ, ಪಂಚಾಯತಿ, ಪಕ್ಷ, ಜಮೀನು ಇವುಗಳಿಂದ ಆರಂಭಿಸಿದುದೇ ಇಂತಹ ಅಧ್ಯಯನಗಳ ಗುಣ.

ಪರಸ್ಪರ ಎದುರಾಗುವ ಎರಡು ಸಿದ್ಧಾಂತಗಳು

ವಸಾಹತು ಆಳ್ವಿಕೆಯು ನೇರವಾಗಿತ್ತೆ, ಸ್ಥಳೀಯ ಪ್ರಭುಗಳ ಮೂಲಕ ನಡೆಯುತ್ತಿತ್ತೆ ಎಂಬುದೇ ಇಂದಿನ ರಾಜಕಾರಣವನ್ನು ನಿರ್ಣಯಿಸುತ್ತದೆಂಬ ವಾದವೂ ಪ್ರಬಲವಾಗಿದೆ. ಉಗಾಂಡದ ಮಹಮೂದ್ ಮಮ್ದಾನಿ 1996ರಲ್ಲಿ ಆಫ್ರಿಕದ ವಿಷಯವಾಗಿ ಇದನ್ನು ಪ್ರತಿಪಾದಿಸಿದರು: ಪಟ್ಟಣದವನನ್ನು ನಾಗರಿಕನೆಂದೂ, ಹಳ್ಳಿಯವನನ್ನು ಬುಡಕಟ್ಟಿನ ನಾಯಕನ ಪ್ರಜೆಯೆಂದೂ ಇಬ್ಭಾಗಿಸಿದ ವ್ಯವಸ್ಥೆ ಸ್ವಾತಂತ್ರ್ಯಾನಂತರವೂ ಅಳಿಯಲಿಲ್ಲವೆಂದು ಅವರ ಮತ. ಭಾರತದ ವಿಷಯದಲ್ಲಿ ಲಕ್ಷ್ಮೀ ಅಯ್ಯರ್ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ನೇರ ಬ್ರಿಟಿಷ್ ಆಳ್ವಿಕೆಗೆ ಒಳಪಟ್ಟಿದ್ದ ಪ್ರದೇಶಗಳು ಶಾಲೆ, ಆಸ್ಪತ್ರೆ, ರಸ್ತೆಗಳಲ್ಲಿ ಹಿಂದುಳಿದಿವೆಯೆಂದು ತೋರಿಸಿತು. ಇದಕ್ಕೆ ಮೊದಲು, 2005ರಲ್ಲಿ, ಅಭಿಜಿತ್ ಬ್ಯಾನರ್ಜಿಯವರೊಡನೆ ಅವರು ನಡೆಸಿದ ಅಧ್ಯಯನವು, ಬ್ರಿಟಿಷ್ ಜಿಲ್ಲೆಗಳ ಪೈಕಿ ಜಮೀನುದಾರರ ಮೂಲಕ ಕಂದಾಯ ವಸೂಲಾಗುತ್ತಿದ್ದ ಪ್ರದೇಶಗಳು ರೈತವಾರಿ ಪ್ರದೇಶಗಳಿಗಿಂತ ವ್ಯವಸಾಯದಲ್ಲಿ ಹಿಂದುಳಿದವೆಂದು ನಿರೂಪಿಸಿತ್ತು.

ಈ ಎರಡನ್ನೂ ಕೊಳ್ಳೇಗಾಲ ಯಳಂದೂರುಗಳ ಮೇಲಿಟ್ಟು ನೋಡತಕ್ಕದ್ದು. ಮೊದಲನೆಯ ತತ್ತ್ವದಂತೆ ನೇರ ಆಳ್ವಿಕೆಯ ಕೊಳ್ಳೇಗಾಲವು ಹಿಂದೆ ಬೀಳಬೇಕು. ಎರಡನೆಯ ತತ್ತ್ವವನ್ನು ಸಂಸ್ಥಾನದ ಜಾಗೀರಿಗೂ ವಿಸ್ತರಿಸಿದರೆ ಯಳಂದೂರು ಹಿಂದೆ ಬೀಳಬೇಕು. ಜಿಲ್ಲೆಗಳ ಸರಾಸರಿಯಿಂದ ಪಡೆದ ನಿಯಮವನ್ನು ಒಂದು ತಾಲ್ಲೂಕಿನ ಮೇಲೆ ಕಣ್ಣುಮುಚ್ಚಿ ಹೇರಬಾರದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ. ಅಲ್ಲದೆ ‘ನೇರ’, ‘ಪರೋಕ್ಷ’ ಎಂಬ ವಿಭಾಗವೇ ಇಲ್ಲಿ ಅಷ್ಟು ಶುದ್ಧವಾಗಿಲ್ಲ. ಮೈಸೂರು ಸಂಸ್ಥಾನವು 1831ರಿಂದ 1881ರವರೆಗೆ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಅತ್ತ ಕೊಳ್ಳೇಗಾಲದ ಕಡೆಯಲ್ಲಿಯೂ ಎಲ್ಲವೂ ರೈತವಾರಿಯಾಗಿರಲಿಲ್ಲ. ಶಿವನಸಮುದ್ರದ ಸೇತುವೆಗಳನ್ನು ನಿರ್ಮಿಸಿದ ರಾಮಸ್ವಾಮಿ ಮೊದಲಿಯಾರರಿಗೆ ಜಾಗೀರು ದೊರೆತುದನ್ನು ಸತ್ತೇಗಾಲದ ಸುತ್ತಿನ ಹಿರಿಯರು ಬಲ್ಲರು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ಮಾತನಾಡುವ ತಾಳವಾಡಿ ಸೀಮೆ ಮಾತ್ರ ಮದರಾಸಿನಲ್ಲಿಯೇ ಉಳಿಯಿತು. ಭೂಪಟ ಒಂದು ದಿನದಲ್ಲಿ ಬದಲಾದರೂ ಕಾಯಿದೆಗಳು ಬದಲಾಗಲಿಲ್ಲ. ದೇವಸ್ಥಾನ ಮಠಗಳ ವಿಷಯದಲ್ಲಿ ಹಳೆಯ ಮೈಸೂರಿಗೆ 1927ರ ಕಾಯಿದೆಯೂ, ಮದರಾಸಿನಿಂದ ಬಂದ ಭಾಗಗಳಿಗೆ 1951ರ ಮದರಾಸು ಕಾಯಿದೆಯೂ ಅನ್ವಯಿಸುತ್ತಿದ್ದುವು. ರಾಜ್ಯಕ್ಕೆಲ್ಲ ಒಂದೇ ಶಾಸನವೆಂದು ರಚಿತವಾದುದು 1997ರ ಕಾಯಿದೆ. ಗೇಣಿಯ ವಿಷಯದಲ್ಲಿಯೂ ಭೂಸುಧಾರಣಾ ಕಾಯಿದೆ 1965ರಲ್ಲಿ ಜಾರಿಗೆ ಬರುವವರೆಗೆ ಹೀಗೆಯೇ ಇತ್ತು. ಗತಕಾಲವು ವರ್ತಮಾನದ ಮೇಲೆ ಕೈಯಿಡುವುದು ಜನರ ‘ರಕ್ತ’ದ ಮೂಲಕವಲ್ಲ, ಇಂತಹ ಕಾಯಿದೆ, ಕಡತ, ಪಹಣಿಗಳ ಮೂಲಕ. ಈ ಮೂಲಗಳನ್ನು ತೋರಿಸಿಕೊಡದ ವಿವರಣೆಯು ಕುಂಬಾರನ ತಂದೆಯನ್ನು ಕರೆತಂದು ಗಡಿಗೆಯ ಬೆಲೆ ಕೇಳಿದಂತಾಗುತ್ತದೆ.

ಗಡಿ ಕತ್ತರಿಸಲಾರದ್ದು

ವಸಾಹತು ಆಳ್ವಿಕೆಯೇ ಎಲ್ಲವನ್ನೂ ಮಾಡಿತೆಂಬ ಪಕ್ಷಕ್ಕೆ ಉತ್ತರ ಹನೂರು ಸೀಮೆಯ ಮಲೆ ಮಹದೇಶ್ವರ ಬೆಟ್ಟದಲ್ಲಿದೆ. ಸರ್ಕಾರಗಳು ಎರಡಿದ್ದ ಕಾಲದಲ್ಲಿಯೂ ಮಾದಪ್ಪನ ಒಕ್ಕಲು ಒಂದೇ ಆಗಿತ್ತು. ಮೈಸೂರು, ಮಂಡ್ಯದ ಕಡೆಯಿಂದಲೂ, ಕೊಯಮತ್ತೂರು, ಸೇಲಂ ಕಡೆಯಿಂದಲೂ ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಪರಿಷೆ ನೆರೆಯುತ್ತಿತ್ತು. ಪೂಜೆ ಬೇಡಗಂಪಣರದು, ಹಾಡು ಕಂಸಾಳೆ ಹಿಡಿದ ದೇವರಗುಡ್ಡರದು. ಸುತ್ತೂರು, ಕುಂತೂರು ಮಠಗಳೂ ಸೋಲಿಗರೂ ಆ ಮಹಾಕಾವ್ಯದಲ್ಲಿ ಪಾತ್ರವಹಿಸುತ್ತಾರೆ. ದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣನನ್ನು ಮಹದೇಶ್ವರನು ಹರಳಯ್ಯನು ಮಾಡಿಕೊಟ್ಟ ಪಾದುಕೆಗಳ ನೆರವಿನಿಂದ ಸಂಹರಿಸಿದನೆಂಬ ವೃತ್ತಾಂತವು ಬಲಗರ್ವಿತ ಪ್ರಭುತ್ವದ ಅಂತ್ಯವನ್ನೇ ಹಾಡುತ್ತದೆ. ಪಿ.ಕೆ. ರಾಜಶೇಖರ ಮೊದಲಾದ ಜಾನಪದ ವಿದ್ವಾಂಸರು ಇದನ್ನು ಗಾಯಕರಿಂದ ಬರೆದುಕೊಂಡು ಪ್ರಕಟಿಸದಿದ್ದರೆ, ಪೂರ್ವದೇಶದ ಪ್ರಜೆ ಅರಸನ ಮುಂದೆ ಮೂಕನೆಂಬ ವಾದಕ್ಕೆ ಇಲ್ಲಿಂದ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು.

ಬರ್ಟನ್ ಸ್ಟೈನ್ 1980ರ ತಮ್ಮ ಗ್ರಂಥದಲ್ಲಿ, ದಕ್ಷಿಣದ ಅರಸರಿಗೆ ದೂರದ ನಾಡುಗಳ ಮೇಲಿದ್ದುದು ಪೂಜಾವಿಧಿಗಳಿಂದ ಬಂದ ಮೇಲ್ಮೆಯೇ ಹೊರತು ನಿಜವಾದ ಆಡಳಿತವಲ್ಲವೆಂದು, ಪೂರ್ವ ಆಫ್ರಿಕದ ಅಲೂರ್ ಜನರ ಅಧ್ಯಯನದಿಂದ ಪಡೆದ ಮಾದರಿಯೊಂದನ್ನು ಚೋಳರಿಗೆ ಅನ್ವಯಿಸಿದರು. ಅದೇ ವರ್ಷ ಕ್ಲಿಫರ್ಡ್ ಗೀರ್ಟ್ಸ್ ಬಾಲಿ ದ್ವೀಪದ ರಾಜ್ಯವನ್ನು ನಾಟಕಶಾಲೆಗೆ ಹೋಲಿಸಿದರು. ಪೂಜೆಗೂ ಪ್ರಭುತ್ವಕ್ಕೂ ಇರುವ ನಂಟನ್ನು ಗುರುತಿಸಿದುದು ಇವರ ಹಿರಿಮೆ. ಆದರೆ ಮಾದಪ್ಪನ ಬೆಟ್ಟವು ಯಾವ ಅರಸನ ಕೀರ್ತಿಗೂ ಸಾಧನವಾಗದೆ ಜನರನ್ನು ಕೂಡಿಸಿತು. ಅರಮನೆಯನ್ನು ನಡುವಿಟ್ಟುಕೊಂಡ ಸಿದ್ಧಾಂತಕ್ಕೆ ಈ ಸಂಗತಿ ಎಟುಕುವುದಿಲ್ಲ.

ಕಾಡಿನ ಜನರ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಆಗ್ನೇಯ ಏಷ್ಯದ ಬೆಟ್ಟಗಳ ಜನರು ತೆರಿಗೆಯಿಂದಲೂ ಬಿಟ್ಟಿಯಿಂದಲೂ ತಪ್ಪಿಸಿಕೊಳ್ಳಲು ಪ್ರಭುತ್ವದಿಂದ ದೂರ ಸರಿದವರೆಂದು ಜೇಮ್ಸ್ ಸ್ಕಾಟ್ 2009ರಲ್ಲಿ ಬರೆದರು. ಸೋಲಿಗರನ್ನೂ ಹಾಗೆಯೇ ವಿವರಿಸುವ ಆಸೆ ಹುಟ್ಟುವುದು ಸಹಜ. ಆದರೆ ಬಿಳಿಗಿರಿರಂಗನನ್ನು ಭಾವನೆಂದು ಕರೆಯುವ ಸೋಲಿಗರು ಬಯಲಿನವರೊಡನೆ ನಂಟನ್ನು ಬೆಳೆಸಿದವರೇ ಹೊರತು ಕಡಿದುಕೊಂಡವರಲ್ಲ. ವನ್ಯಧಾಮದ ನಿಯಮಗಳು ಪೋಡುಗಳ ಬದುಕನ್ನು ಬಿಗಿದಾಗ ಅವರು ಓಡಿಹೋಗಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಗ್ರಾಮಸಭೆ ಸೇರಿಸಿ, ಅರ್ಜಿ ಸಲ್ಲಿಸಿ, 2011ರಲ್ಲಿ ಸಮುದಾಯ ಹಕ್ಕುಪತ್ರಗಳನ್ನು ಪಡೆದರು. ಅದೇ ವರ್ಷ ಆ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿತ್ತು. ಇದು ಪ್ರಭುತ್ವದಿಂದ ದೂರ ಸರಿದ ನಡೆಯಲ್ಲ. ಪ್ರಭುತ್ವದ ಕಾಯಿದೆಯನ್ನೇ ಹಿಡಿದು ಹಕ್ಕು ಕೇಳಿದ ನಡೆ.

ಚುನಾವಣೆಯ ಒರೆಗಲ್ಲು

ಕ್ಷೇತ್ರ ಪುನರ್ವಿಂಗಡಣೆಯ ಅನಂತರ, 2008ರಿಂದ, ಯಳಂದೂರು ತಾಲ್ಲೂಕು ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರದಲ್ಲಿ ಸೇರಿದೆ. ಒಂದು ಕಾಲದಲ್ಲಿ ಎರಡು ಸರ್ಕಾರಗಳ ಪ್ರಜೆಗಳಾಗಿದ್ದವರ ಮಕ್ಕಳು ಇಂದು ಒಬ್ಬನೇ ಶಾಸಕನನ್ನು ಆರಿಸುತ್ತಾರೆ. 2018ರಲ್ಲಿ ಇಲ್ಲಿ ಬಹುಜನ ಸಮಾಜ ಪಕ್ಷ ಗೆದ್ದಿತು. ಆ ಚುನಾವಣೆಯಲ್ಲಿ ಕರ್ನಾಟಕದಲ್ಲೆಲ್ಲ ಆ ಪಕ್ಷಕ್ಕೆ ದೊರೆತ ಸ್ಥಾನ ಇದೊಂದೇ. ಮದರಾಸಿನ ಬ್ರಾಹ್ಮಣೇತರ ಚಳವಳಿಯ ಛಾಯೆಯಿದು ಎಂದೋ, ಮಂಟೇಸ್ವಾಮಿ, ಮಾದಪ್ಪನವರ ಪರಂಪರೆಯ ಫಲವಿದು ಎಂದೋ ಹೇಳುವುದು ಕಿವಿಗೆ ಇಂಪಾಗಿಯೇ ಇರುತ್ತದೆ. ಆದರೆ 2023ರಲ್ಲಿ ಇದೇ ಕ್ಷೇತ್ರವನ್ನು ಕಾಂಗ್ರೆಸ್ಸು ಗೆದ್ದಿತು. ಐದು ವರ್ಷಗಳಲ್ಲಿ ಪರಂಪರೆ ಬದಲಾಗಲಿಲ್ಲ, ಮದರಾಸಿನ ಛಾಯೆಯೂ ಹೊಸದಾಗಿ ಅಳಿಯಲಿಲ್ಲ. ಬದಲಾದುದು ಪಕ್ಷಗಳ ಹೊಂದಾಣಿಕೆ, ಅಭ್ಯರ್ಥಿ ನಿಂತ ಪಕ್ಷ, ರಾಜ್ಯದ ವಾತಾವರಣ. ಬದಲಾಗದ ಸಂಗತಿಯಿಂದ ಬದಲಾದ ಫಲವನ್ನು ವಿವರಿಸಲಾಗದು. ದೀರ್ಘ ಇತಿಹಾಸವು ಅಂಗಳವನ್ನು ಹದಗೊಳಿಸಿರಬಹುದು. ಅಲ್ಲಿ ಯಾರು ಗೆದ್ದರೆಂಬುದಕ್ಕೆ ಸಮೀಪದ ಕಾರಣಗಳನ್ನೇ ಅರಸಬೇಕು.

ಪಾಠಶಾಲೆಗೆ ಇದರಿಂದಾಗುವ ಪ್ರಯೋಜನ

ಭಾರತೀಯರಿಗೆ ಇತಿಹಾಸಪ್ರಜ್ಞೆಯಿರಲಿಲ್ಲವೆಂಬ ಮಾತು ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೂ, ಕನಕಗಿರಿಯ ದೇವಚಂದ್ರನ ‘ರಾಜಾವಳಿ ಕಥೆ’ಯೂ, ಊರೂರಿನ ಶಾನುಭೋಗರ ಕಡತಗಳೂ, ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳೂ ಆ ಮಾತಿಗೆ ಪ್ರತ್ಯುತ್ತರ. ಉತ್ತರ ಆಫ್ರಿಕದ ಇಬ್ನ್ ಖಲ್ದೂನ್ ಹದಿನಾಲ್ಕನೆಯ ಶತಮಾನದಲ್ಲಿಯೇ, ಕುಲದ ಒಗ್ಗಟ್ಟು ಬಲಿತಾಗ ರಾಜ್ಯ ಏಳುವುದನ್ನೂ ಸುಖದಲ್ಲಿ ಅದು ಸಡಿಲಿದಾಗ ರಾಜ್ಯ ಬೀಳುವುದನ್ನೂ ವಿವರಿಸಿದ್ದನು. ತಮ್ಮ ಸಮಾಜವನ್ನು ತಾವೇ ವಿವರಿಸಿಕೊಳ್ಳುವ ಶಕ್ತಿ ಯಾವ ನಾಡಿನ ಜನರಿಗೂ ಇಲ್ಲದಿಲ್ಲ.

ಆದುದರಿಂದ ಇತಿಹಾಸದಿಂದ ರಾಜಕಾರಣವನ್ನು ವಿವರಿಸುವ ಯಾವ ಗ್ರಂಥವನ್ನು ಕೈಗೆತ್ತಿಕೊಂಡರೂ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳುವಂತೆ ಉಪಾಧ್ಯಾಯರು ಅಭ್ಯಾಸ ಮಾಡಿಸತಕ್ಕದ್ದು. ಹೇಳಿದ ಕಾರಣವು ನೆರೆಯ ಊರಿನಲ್ಲಿಯೂ ಇದ್ದಿತೆ, ಇದ್ದರೆ ಅಲ್ಲಿಯೂ ಅದೇ ಫಲವಾಯಿತೆ? ಅಂದಿನ ಸಂಗತಿ ಇಂದಿನವರೆಗೆ ಯಾವ ಕಾಯಿದೆ, ಯಾವ ಸಂಸ್ಥೆ, ಯಾವ ನೆನಪಿನ ಮೂಲಕ ಇಳಿದು ಬಂದಿತು? ಕಥೆಯನ್ನು ಹೇಳಿದವರು ಯಾರು, ಯಾವಾಗ, ಯಾರ ಸಲುವಾಗಿ ಹೇಳಿದರು? ಈ ಸೀಮೆಯ ಪ್ರೌಢಶಾಲೆಯ ಮಕ್ಕಳು ತಮ್ಮ ಮನೆಯ ಹಳೆಯ ಕಂದಾಯದ ರಸೀದಿಗಳನ್ನೂ, ಊರಿನ ಶಾಸನದ ಕಲ್ಲುಗಳನ್ನೂ, ಅಜ್ಜ ಅಜ್ಜಿಯರು ಬಲ್ಲ ಮಾದಪ್ಪನ ಹಾಡುಗಳನ್ನೂ ಬರೆದಿಟ್ಟರೆ, ಒಂದೇ ತರಗತಿಯಲ್ಲಿ ಮದರಾಸು ಮೈಸೂರುಗಳ ಕಾಗದಗಳು ಎದುರುಬದುರಾಗಿ ಕುಳಿತುಕೊಳ್ಳುತ್ತವೆ. ಇಂತಹ ಸಾಮಗ್ರಿ ದೊಡ್ಡ ವಿಶ್ವವಿದ್ಯಾನಿಲಯಗಳಿಗೂ ಸುಲಭವಾಗಿ ಸಿಕ್ಕದು.

ಹಿರಿಯ ವಿದ್ಯಾರ್ಥಿಗಳ ಮನೆಗಳ ಪೆಟ್ಟಿಗೆಗಳಲ್ಲಿ ಇಂತಹ ಕಾಗದಗಳು ಇನ್ನೂ ಉಳಿದಿರಬಹುದು. ಗೆದ್ದಲಿಗೆ ಆಹಾರವಾಗುವ ಮೊದಲು ಅವು ಶಾಲೆಯ ಗ್ರಂಥಭಂಡಾರಕ್ಕೆ ಬರುವಂತಾಗಲಿ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಒಂದು ಬೀರುವಿಗೂ, ಪ್ರತಿಗಳನ್ನು ತೆಗೆಯುವ ವೆಚ್ಚಕ್ಕೂ ಕೊಡಲಿ. ತನ್ನ ನಾಡಿನ ಗತಕಾಲವನ್ನು ಮೂಲದಿಂದ ಓದಬಲ್ಲ ಮಗುವಿಗೆ ‘ನಿಮ್ಮ ಸೀಮೆಯ ಸ್ವಭಾವವೇ ಹೀಗೆ’ ಎಂದು ಯಾರೇ ಹೇಳಿದರೂ, ‘ಕಾರಣವನ್ನು ತೋರಿಸಿ’ ಎಂದು ವಿನಯದಿಂದ ಕೇಳುವ ಧೈರ್ಯ ಬರುತ್ತದೆ. ವಿದ್ಯೆಯಿಂದ ಆಗಬೇಕಾದುದು ಇಷ್ಟೇ.